ಗಾಡಿಯ ‘ಅರ್ತ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಳೆಯ ಗಾಡಿಗಳ ಹಿಂಬದಿ ದೀಪಗಳಿಗೆ ಹೊಸದಾಗಿ ವೈರಿಂಗ್ ಮಾಡುವುದು ಹೇಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ತಮ್ಮ ಗಾಡಿಯ ಕೆಲಸ ತಾವೇ ಮಾಡಿಕೊಳ್ಳುವವರಿಗಾಗಿ. ಬಲ್ಬ್, ಹೋಲ್ಡರ್, ಫ್ಯೂಸ್, ಸ್ವಿಚ್, ಇಂಡಿಕೇಟರ್ ಇವಕ್ಕೆಲ್ಲ ಬೇರೆ ಪದ ಹುಡುಕುವ ಗೋಜಿಗೆ ಹೋಗಿಲ್ಲ. ಎಲ್ಲರ ಬಾಯಲ್ಲೂ ಇರುವ ಮಾತುಗಳು ಅವು. ತೊಡಕಾಗಿರುವುದು ‘ಅರ್ತ್’ ಒಂದೇ.

ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಭೂಸಂಪರ್ಕ’ ಅಂತಿದೆ. ಮನೆಯ ವೈರಿಂಗಿಗೆ ಅದು ಒಪ್ಪುವ ಪದ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನಿನ ತಂತಿ ನಿಜಕ್ಕೂ ನೆಲಕ್ಕೇ ಹೋಗಿ ಸೇರುತ್ತದೆ. ಆದರೆ ಗಾಡಿಯಲ್ಲಿ ನೆಲ ಎಲ್ಲಿದೆ? ಕೆಳಗಿರುವುದು ರಬ್ಬರ್ ಟೈರು. ಅಲ್ಲಿ ‘ಅರ್ತ್’ ಅಂದರೆ ಗಾಡಿಯ ಬಾಡಿ. ಬ್ಯಾಟರಿಯ ಒಂದು ತುದಿಯನ್ನು ಬಾಡಿಯ ಲೋಹಕ್ಕೆ ಬಿಗಿದಿರುತ್ತಾರೆ. ದೀಪಕ್ಕೆ ಒಂದು ತಂತಿಯಲ್ಲಿ ಕರೆಂಟ್ ಬಂದು, ತಗಡಿನ ಮೂಲಕ ವಾಪಸ್ ಹೋಗುತ್ತದೆ.

ಇದು ಬರೀ ಪದದ ಜಗಳ ಅಲ್ಲ. ಮನೆಯ ಅರ್ತ್ ತಂತಿಯಲ್ಲಿ ಸಾಮಾನ್ಯವಾಗಿ ಕರೆಂಟ್ ಹರಿಯುವುದಿಲ್ಲ. ಅದಿರುವುದು ಶಾಕ್ ಹೊಡೆಯದಿರಲಿ ಅಂತ. ಅದು ಕಿತ್ತುಹೋಗಿದ್ದರೂ ದೀಪ ಉರಿಯುತ್ತದೆ. ಗಾಡಿಯ ಅರ್ತ್ ಹಾಗಲ್ಲ. ಬಲ್ಬಿಗೆ ಎಷ್ಟು ಕರೆಂಟ್ ಬರುತ್ತದೋ ಅಷ್ಟೂ ಅದರ ಮೇಲೇ ವಾಪಸ್ ಹೋಗಬೇಕು. ‘ಭೂಸಂಪರ್ಕ ಸರಿಯಿದೆಯೇ ನೋಡಿ’ ಅಂತ ಬರೆದರೆ ಓದುವವರು ಅದನ್ನು ಎಚ್ಚರಿಕೆಯ ಮಾತು ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಹಳೆಯ ಗಾಡಿಗಳ ಹಿಂಬದಿ ದೀಪದ ತೊಂದರೆಗಳಲ್ಲಿ ಜಾಸ್ತಿ ಇರುವುದೇ ಅಲ್ಲಿ!

ಒಂದು ತೊಂದರೆಯನ್ನು ಹತ್ತಿರದಿಂದ ನೋಡೋಣ. ಹಿಂದೆ ಹಾಕುವ 21/5 ವಾಟಿನ ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುತ್ತವೆ. 5 ವಾಟಿನದು ರಾತ್ರಿಯಿಡೀ ಉರಿಯುವುದು, 21 ವಾಟಿನದು ಬ್ರೇಕ್ ತುಳಿದಾಗ ಉರಿಯುವುದು. ಅವೆರಡಕ್ಕೂ ವಾಪಸ್ ದಾರಿ ಒಂದೇ, ಬಲ್ಬಿನ ಹಿತ್ತಾಳೆ ಬುಡ. ಬುಡದಿಂದ ಹೋಲ್ಡರ್, ಹೋಲ್ಡರಿನಿಂದ ಬೋಲ್ಟ್, ಬೋಲ್ಟಿನಿಂದ ಬಾಡಿ. ಬೋಲ್ಟಿನ ಸುತ್ತ ತುಕ್ಕು ಹಿಡಿದರೆ, ಅಥವಾ ಮೇಲೆ ಹೊಸ ಪೇಂಟ್ ಕೂತರೆ, ಆ ದಾರಿ ಮುಚ್ಚಿತು. ಈಗ ದೀಪದ ಸ್ವಿಚ್ ಆಫ್ ಇಟ್ಟು ಬ್ರೇಕ್ ತುಳಿಯಿರಿ. ಬ್ರೇಕ್ ಫಿಲಮೆಂಟಿನ ಕರೆಂಟ್ ಬುಡಕ್ಕೆ ಬಂದು, ಅಲ್ಲಿಂದ ಹೋಗಲು ಜಾಗವಿಲ್ಲದೆ 5 ವಾಟಿನ ಫಿಲಮೆಂಟಿನೊಳಗೆ ಹಿಂದುಮುಂದಾಗಿ ನುಗ್ಗುತ್ತದೆ. ಆ ತಂತಿ ಹಿಡಿದು ಇನ್ನೊಂದು ಬದಿಯ ದೀಪಕ್ಕೋ ನಂಬರ್ ಪ್ಲೇಟಿನ ದೀಪಕ್ಕೋ ಹೋಗಿ ಅಲ್ಲಿ ಬಾಡಿ ಸೇರುತ್ತದೆ. ಕೆಟ್ಟ ಬದಿಯ ಬ್ರೇಕ್ ದೀಪ ಉರಿಯುವುದಿಲ್ಲ, ಹಾಕದೇ ಇದ್ದ ಸಣ್ಣ ದೀಪಗಳು ಮಂಕಾಗಿ ಉರಿಯುತ್ತವೆ. ತಂತಿ ಅದಲುಬದಲಾಗಿದೆ ಅಂತ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುವವರಿದ್ದಾರೆ. ಬೇಕಿದ್ದದ್ದು ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜುವುದು ಅಷ್ಟೇ. 6 ವೋಲ್ಟಿನ ಗಾಡಿಗಳಲ್ಲಿ ಇದು ಇನ್ನೂ ಬೇಗ ಎದ್ದು ಕಾಣುತ್ತದೆ. 21 ವಾಟಿಗೆ 12 ವೋಲ್ಟಿನಲ್ಲಿ 1.75 ಆಂಪಿಯರ್ ಕರೆಂಟ್ ಸಾಕು, 6 ವೋಲ್ಟಿನಲ್ಲಿ 3.5 ಬೇಕು. ಕರೆಂಟ್ ಜಾಸ್ತಿಯಾದಷ್ಟೂ ತುಕ್ಕು ಹಿಡಿದ ಜಾಗದ ಅಡ್ಡಿಯೂ ಜಾಸ್ತಿ ಕಾಡುತ್ತದೆ.

ಇಷ್ಟನ್ನೂ ಓದುವವರ ತಲೆಗೆ ತರುವ ಪದ ಬೇಕು.

‘ಮೈನಸ್ ತಂತಿ’ ಅನ್ನಬಹುದಿತ್ತು. ಆದರೆ 1960ರ ದಶಕದವರೆಗೂ ಬಂದ ಎಷ್ಟೋ ಬ್ರಿಟಿಷ್ ಗಾಡಿಗಳಲ್ಲಿ ಬಾಡಿಯ ಲೋಹಕ್ಕೆ ಸೇರಿಸಿರುವುದು ಬ್ಯಾಟರಿಯ ಪ್ಲಸ್ ತುದಿ. ‘ಕಪ್ಪು ತಂತಿ’ ಅಂತಲೂ ಬರೆಯುವಂತಿಲ್ಲ. ಹಳೆಯ ಬ್ರಿಟಿಷ್ ವೈರಿಂಗಿನಲ್ಲಿ ಅರ್ತ್ ಕಪ್ಪು, ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬಂದ ತಂತಿ. ಜರ್ಮನ್ ವೈರಿಂಗಿನಲ್ಲಿ ಕಂದು ಬಣ್ಣದ್ದೇ ಅರ್ತ್. ಗಾಡಿಯ ವೈರಿಂಗಿನ ತುದಿಗಳಿಗೆಲ್ಲ ನಂಬರ್ ಕೊಡುವ ಅವರ ಡಿಐಎನ್ 72552 ಎಂಬ ಪಟ್ಟಿಯಲ್ಲಿ ಅದರ ನಂಬರ್ 31. ಬಣ್ಣ ನಂಬಿ ಕೈ ಹಾಕಿದರೆ ಶಾರ್ಟ್ ಆಗಿ ತಂತಿಯೇ ಸುಟ್ಟುಹೋಗಬಹುದು.

ಬೇರೆ ಭಾಷೆಯವರು ಇದನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಅಂತ ನೋಡಿದೆ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ. ಜರ್ಮನ್ನರು ನೆಲಕ್ಕೆ ಇಳಿಯುವುದನ್ನು ‘ಎರ್ಡೆ’ ಅಂತಲೂ, ಗಾಡಿಯದನ್ನು ‘ಮಾಸ್ಸೆ’ ಅಂತಲೂ ಬೇರೆ ಮಾಡಿದ್ದಾರೆ. ಫ್ರೆಂಚಿನಲ್ಲೂ ‘ತೆರ್’ ಮತ್ತು ‘ಮಾಸ್’ ಅಂತ ಎರಡಿವೆ. ಮಾಸ್ಸೆ ಅಂದರೆ ರಾಶಿ, ಇಲ್ಲಿ ಲೋಹದ ರಾಶಿ. ಈ ಬೇರ್ಪಾಟು ನನಗೆ ತುಂಬಾ ಹಿಡಿಸಿತು. ನಮ್ಮಲ್ಲೂ ಹಾಗೆ ಎರಡು ಪದ ಇರಲೇಬೇಕು ಅಂತ ನನ್ನ ಅನಿಸಿಕೆ.

‘ಬಾಡಿ ಅರ್ತ್’ ಎಂಬ ಬಳಕೆ ಇದ್ದೇ ಇದೆ. ಮಾತಿನಲ್ಲಿ ತೊಂದರೆಯಿಲ್ಲ. ಬರಹಕ್ಕೆ ಇಳಿಸಿದಾಗ ಎರಡು ಕಡೆ ಕಾಲಿಗೆ ತೊಡರುತ್ತದೆ. ‘ಅರ್ಥ್’ ಅಂತ ಮಹಾಪ್ರಾಣ ಹಾಕಿದರೆ ‘ಅರ್ಥ್ ಆಗಿಲ್ಲ’ ಅನ್ನುವುದನ್ನು ಕಣ್ಣು ‘ಅರ್ಥ ಆಗಿಲ್ಲ’ ಅಂತಲೇ ಓದುತ್ತದೆ. ಅದಕ್ಕೇ ‘ಅರ್ತ್’ ಅಂತ ಬರೆಯುತ್ತಿದ್ದೇನೆ. ಇನ್ನು ‘ಬಾಡಿ’ಗೆ ಚತುರ್ಥಿ ಹಚ್ಚಿದರೆ ‘ಬಾಡಿಗೆ ತಂತಿ’ ಆಗುತ್ತದೆ. ‘ಮೈ’ ಅಂದರೆ ಹೇಗೆ? ‘ಮೈತಂತಿ’, ‘ಹೋಲ್ಡರ್ ಗಾಡಿಯ ಮೈಗೆ ತಾಗಿರಲಿ’. ಈ ಎರಡನೆಯ ವಾಕ್ಯ ಎಷ್ಟು ಸಲೀಸು ಅಲ್ವಾ? ಇನ್ನೊಂದು, ‘ವಾಪಸು ದಾರಿ’. ಅದು ಮಾಡುವ ಕೆಲಸವನ್ನೇ ಹೇಳುತ್ತದೆ, ಆದರೆ ಒಂದು ಭಾಗದ ಹೆಸರಿನ ಹಾಗೆ ಕೇಳುವುದಿಲ್ಲ. ‘ಮರಳು ದಾರಿ’ ಅಂದರೆ ಉಸುಕಿನ ದಾರಿಯಾಗಿಬಿಡುತ್ತದೆ.

ಸದ್ಯಕ್ಕೆ ‘ಮೈತಂತಿ’ ಕಡೆ ವಾಲಿದ್ದೇನೆ. ಮೊದಲ ಸಲ ಬಂದಾಗ ಜೊತೆಗೆ ‘ಬಾಡಿ ಅರ್ತ್’ ಅಂತಲೂ ಕೊಡುವುದು. ಎಷ್ಟೋ ಕಡೆ ತಂತಿಯೇ ಇರುವುದಿಲ್ಲ, ಹೋಲ್ಡರ್ ನೇರ ತಗಡಿಗೆ ತಾಗಿರುತ್ತದೆ. ಅಲ್ಲಿ ‘ಮೈತಂತಿ’ ಸುಳ್ಳಾಗುತ್ತದೆ. ಅದಕ್ಕೆ ಏನನ್ನೋಣ? ‘ಮೈಕೂಡಿಕೆ’ ಜಾಸ್ತಿ ಆಯಿತೇ?

ಜೊತೆಗೆ ಒಂದು ಸಣ್ಣ ಪ್ರಶ್ನೆ. ‘ಹಿಂದಿನ ದೀಪದ ತಂತಿ ಬಿಚ್ಚಿ’ ಅಂದಾಗ ಗಾಡಿಯ ಹಿಂದೆ ಇರುವ ದೀಪವೋ, ಈಗಷ್ಟೇ ಹೇಳಿದ ದೀಪವೋ ಗೊತ್ತಾಗುವುದಿಲ್ಲ. ಎಲ್ಲ ಕಡೆ ‘ಹಿಂಬದಿ ದೀಪ’ ಅಂತ ಮಾಡಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ತಿಳಿಸಿ.

ಗಾಡಿಯ ವೈರಿಂಗ್ ಮಾಡುವವರ ಬಾಯಿಂದ ನೀವು ಕೇಳಿದ ಬೇರೆ ಮಾತುಗಳಿದ್ದರೆ, ಪದವೊಂದನ್ನೇ ಕೊಡದೆ ಅವರು ಆಡಿದ ಇಡೀ ವಾಕ್ಯ ಬರೆಯಿರಿ. ಅರ್ತ್ ‘ಸಿಗುತ್ತದೆ’ ಅಂತಾರೋ, ‘ಹಿಡಿಯುತ್ತದೆ’ ಅಂತಾರೋ, ‘ಕೊಡು’ ಅಂತಾರೋ, ಅದೂ ನನಗೆ ಬೇಕು.