ಎಐ ಓಡ್ತಿದೆ, ಕಾನೂನು ಇನ್ನೂ ಚಪ್ಪಲಿ ಹುಡುಕ್ತಿದೆಯಾ?

ಬ್ಯಾಡಗಿ_ಹುಡುಗ: ಹೋದ ವಾರ ನಮ್ಮ ಕಾಕಾಗೆ ಫೋನ್ ಬಂತು. ಥೇಟ್ ನನ್ನ ದನಿ, ಎಐನಿಂದ ನಕಲು ಮಾಡಿದ್ದು. "ಕಾಕಾ, ಗಾಡಿ ಗುದ್ದಿತು, ಅರ್ಜೆಂಟ್ 20 ಸಾವಿರ ಹಾಕ್ರಿ" ಅಂತ. ಅವರು ಮೆಣಸಿನಕಾಯಿ ಚೀಲ ತೂಗಿಸುತ್ತಾ ನಿಂತಿದ್ದರು, ನಾನು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದೆ, ಅದಕ್ಕೇ ದುಡ್ಡು ಉಳಿಯಿತು! ಸರ್ಕಾರ ಕಾನೂನು ಮಾಡಿ ಮುಗಿಸೋ ಹೊತ್ತಿಗೆ ಎಐ ಎಲ್ಲಿಗೋ ಹೋಗಿರುತ್ತೆ, ಅಲ್ವಾ?

ಧಾರವಾಡ_ವಕೀಲ: ಕಾನೂನು ಇಲ್ಲ ಅನ್ನಬೇಡಿ. ಬೇರೆಯವರ ಸೋಗಿನಲ್ಲಿ ಫೋನು, ಕಂಪ್ಯೂಟರ್ ಬಳಸಿ ವಂಚಿಸಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಡಿ ಕಲಂ ಇದೆ, 3 ವರ್ಷದವರೆಗೆ ಜೈಲು. ಕಳ್ಳನನ್ನು ಹಿಡಿಯೋದೇ ಕಷ್ಟ.

ಗದಗ_ಮೇಷ್ಟ್ರು: ಯುರೋಪಿನವರದ್ದೇ ನೋಡಿ. 2021ರ ಏಪ್ರಿಲ್‌ನಲ್ಲಿ ಎಐ ಕಾನೂನಿನ ಕರಡು ತಂದರು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು, ಅಂಥ ಮಾಡೆಲ್‌ಗಳಿಗೆ ಅಂತಲೇ ಮತ್ತೆ ನಿಯಮ ಸೇರಿಸಬೇಕಾಯಿತು. ಜಾರಿ ಶುರುವಾಗಿದ್ದು 2024ರ ಆಗಸ್ಟ್‌ನಲ್ಲಿ, ಅದೂ ಕಂತು ಕಂತಾಗಿ.

ಹುಬ್ಬಳ್ಳಿ_ಕೋಡರ್: ಸರ್, ನಿಧಾನ ಆದ್ರೂ ಪರವಾಗಿಲ್ಲ, ಅವಸರ ಬೇಡ. 2024ರ ಮಾರ್ಚ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ ಸರಿಯಾಗಿ ಪರೀಕ್ಷೆಯಾಗದ ಎಐ ಮಾಡೆಲ್ ಬಿಡಲು ಅನುಮತಿ ಬೇಕು ಅಂತ ಸಲಹೆ ಹೊರಡಿಸಿತು. ಗಲಾಟೆ ಆಯಿತು, ಎರಡೇ ವಾರಕ್ಕೆ ಆ ಷರತ್ತು ಕೈಬಿಟ್ಟರು. ನಮ್ಮಂಥ ನಾಲ್ಕು ಜನರ ಕಂಪನಿ ಪ್ರತಿ ಸಲ ದಿಲ್ಲಿಗೆ ಅರ್ಜಿ ಹಾಕ್ತಾ ಕೂರೋಕಾಗುತ್ತಾ? ಸುಮ್ನೆ ಟೂಲ್ ಹಿಂದೆ ಓಡೋ ಬದಲು ಹಾನಿ ಮಾಡಿದವನನ್ನು ಹಿಡಿಯಲಿ.

ಬ್ಯಾಡಗಿ_ಹುಡುಗ: ಸರಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ. ಕಾಕಾ ಮಾತ್ರ ಈಗ ನಾನೇ ಫೋನ್ ಮಾಡಿದರೂ "ಮೊದಲು ನಮ್ಮ ಎಮ್ಮೆ ಹೆಸರು ಹೇಳು" ಅಂತಾರೆ.