‘ಸಸಾರಜನಕ–ಶಕ್ತಿ ಸಮತೋಲನ’: ಮೀನು ಸಾಕುವವರಿಗೆ ತಿಳಿಯುವ ಮಾತು ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಹಾವೇರಿ ಜಿಲ್ಲೆಯ ಮೀನು ಸಾಕಣೆದಾರರಿಗಾಗಿ ಮೀನಿನ ಆಹಾರದ ಬಗ್ಗೆ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಕೃಷಿ ಹೊಂಡದಲ್ಲೋ ಊರ ಕೆರೆಯಲ್ಲೋ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳನ್ನು ಬಿಡುವವರು ಅದರ ಓದುಗರು. ಮೀನಿನ ಆಹಾರದಲ್ಲಿ ಎಷ್ಟು ಶಕ್ತಿಗೆ ಎಷ್ಟು ಪ್ರೋಟೀನು ಇರಬೇಕು ಎಂಬುದು ಅದರ ಒಂದು ಅಧ್ಯಾಯ. ಈ ವಿಷಯಕ್ಕೆ ‘ಸಸಾರಜನಕ–ಶಕ್ತಿ ಸಮತೋಲನ’ ಎಂದು ಬರೆಯಬಹುದು. ಆದರೆ ಆ ಮೂರು ಪದಗಳಲ್ಲಿ ಒಂದೊಂದರ ಮೇಲೂ ನನಗೆ ತಕರಾರಿದೆ.

‘ಸಾರಜನಕ’ ಎಂದರೆ ನೈಟ್ರೋಜನ್. ‘ಸಸಾರಜನಕ’ ಎಂದರೆ ಅದನ್ನು ಒಳಗೊಂಡ ಪ್ರೋಟೀನು. ಮುದ್ರಣದಲ್ಲಿ ಒಂದು ‘ಸ’ ಬಿಟ್ಟುಹೋದರೆ ಗೊಬ್ಬರವೇ ಆಹಾರವಾಗಿಬಿಡುತ್ತದೆ. ಇದು ಅಕ್ಷರದ ಕಾಳಜಿ ಮಾತ್ರವಲ್ಲ. ನೀರಿನಲ್ಲಿ ಪಾಚಿ, ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಬೆಳೆಯಲೆಂದು ಹೊಂಡಕ್ಕೆ ಸಗಣಿಯ ಜೊತೆ ಯೂರಿಯಾ ಹಾಕುವುದು ರೂಢಿಯಲ್ಲಿದೆ. ಯೂರಿಯಾದಿಂದ ಉಪಚರಿಸಿದ ಹುಲ್ಲನ್ನು ದನಗಳಿಗೆ ಹಾಕುವುದನ್ನೂ ರೈತರು ಬಲ್ಲರು. ಪ್ರಯೋಗಾಲಯದವರು ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನಿನ ಲೆಕ್ಕ ಹೇಳುತ್ತಾರೆ. ಶೇ. 28 ಪ್ರೋಟೀನಿರುವ ಒಂದು ಕಿಲೊ ಆಹಾರದಲ್ಲಿ ಸುಮಾರು 45 ಗ್ರಾಂ ಸಾರಜನಕವಿರುತ್ತದೆ. ನೂರು ಗ್ರಾಮಿಗೂ ಕಡಿಮೆ ಯೂರಿಯಾದಲ್ಲಿ ಅಷ್ಟೇ ಸಾರಜನಕವಿದೆ! ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನು ಕಟ್ಟಿಕೊಡುತ್ತವೆ, ಮೀನಿಗೆ ಅಂಥ ಹೊಟ್ಟೆಯಿಲ್ಲ. ‘ಸಾರಜನಕ’ ಎಂದು ಓದಿದವರು ಮೀನಿನ ಆಹಾರಕ್ಕೇ ಯೂರಿಯಾ ಬೆರೆಸಿಯಾರು. ಆದ್ದರಿಂದ ‘ಸಸಾರಜನಕ’ವನ್ನು ಕೈಬಿಟ್ಟು ‘ಪ್ರೋಟೀನು’ ಎಂದೇ ಬರೆಯಲು ತೀರ್ಮಾನಿಸಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

‘ಶಕ್ತಿ’ಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಓದುವವರು ಅದನ್ನು ಕಸುವು, ತಾಕತ್ತು ಎಂದು ತಿಳಿಯುತ್ತಾರೆ; ಇಲ್ಲಿ ಬೇಕಾದದ್ದು ಆಹಾರ ಮೈಯೊಳಗೆ ಉರಿದು ಕೊಡುವ, ಕ್ಯಾಲೊರಿಯಲ್ಲಿ ಅಳೆಯುವ ಶಕ್ತಿ. ಮೊದಲ ಸಲ ಬಂದಾಗ ‘ಉರಿಯುವ ಶಕ್ತಿ’ ಎಂದು ಬಿಡಿಸಿ ಬರೆದರೆ ಸಾಕೆಂದು ತೋರುತ್ತದೆ.

ನಿಜವಾದ ತೊಡಕು ‘ಸಮತೋಲನ’. ‘ಸಮ’ ಎಂದ ಕೂಡಲೇ ಎರಡೂ ಪಾಲು ಸರಿಸಮ ಎಂಬ ಭಾವನೆ ಬರುತ್ತದೆ. ನಮ್ಮ ಕಡೆ ಶೇಂಗಾ ಹಿಂಡಿ, ಅಕ್ಕಿ ತೌಡು ಎರಡನ್ನೂ ಸಮತೂಕದಲ್ಲಿ ಕಲಸಿ, ತೂತು ಹೊಡೆದ ಚೀಲದಲ್ಲಿ ತುಂಬಿ ನೀರಿಗೆ ಇಳಿಬಿಡುವವರಿದ್ದಾರೆ. ಅವರು ‘ಸಮತೋಲನ’ ಎಂಬುದನ್ನು ಓದಿ, ನಾವು ಮಾಡುತ್ತಿರುವುದೇ ಅದು ಎನ್ನುತ್ತಾರೆ. ಹಿಂಡಿಯಲ್ಲಿ ಶೇ. 40, ತೌಡಿನಲ್ಲಿ ಶೇ. 12ರಷ್ಟು ಪ್ರೋಟೀನು ಎಂದು ಹಿಡಿದರೆ ಆ ಮಿಶ್ರಣದಲ್ಲಿ ಶೇ. 26 ಸಿಗುತ್ತದೆ. ಬೆಳೆದ ಗೆಂಡೆ ಜಾತಿಯ ಮೀನುಗಳಿಗೆ ಅದು ತಕ್ಕಮಟ್ಟಿಗೆ ಹೊಂದುತ್ತದೆ, ಮರಿಗಳಿಗೆ ಸಾಲದು. ಅಂದರೆ ತೂಕ ಸಮನಾಗಿರುವುದಕ್ಕೂ ಆಹಾರ ಸರಿಯಾಗಿರುವುದಕ್ಕೂ ಸಂಬಂಧವೇ ಇಲ್ಲ.

ಮೀನಿನ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟು. ತೌಡಿನ ಪಿಷ್ಟ, ಜಿಡ್ಡುಗಳಿಂದ ಬರುವ ಶಕ್ತಿ ಸಾಲದಿದ್ದರೆ ಮೀನು ಪ್ರೋಟೀನನ್ನೇ ಉರಿಸಿಕೊಳ್ಳುತ್ತದೆ. ಆ ಪ್ರೋಟೀನಿನ ಸಾರಜನಕ ಅಮೋನಿಯವಾಗಿ ಕಿವಿರುಗಳಿಂದ ನೀರಿಗೆ ಬೀಳುತ್ತದೆ. ದುಬಾರಿ ಹಿಂಡಿಯೂ ಹೋಯಿತು, ನೀರೂ ಕೆಟ್ಟಿತು. ಶಕ್ತಿ ಅತಿಯಾದರೂ ಕಷ್ಟವೇ: ಬೇಕಾದಷ್ಟು ಪ್ರೋಟೀನು ಸಿಗುವ ಮೊದಲೇ ಮೀನು ತಿನ್ನುವುದನ್ನು ನಿಲ್ಲಿಸುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಮೀನು ಮೈಯನ್ನು ಬೆಚ್ಚಗಿಟ್ಟುಕೊಳ್ಳಬೇಕಾಗಿಲ್ಲ, ಅಮೋನಿಯವನ್ನು ಹೊರಹಾಕಲೂ ಅದಕ್ಕೆ ಹೆಚ್ಚು ಖರ್ಚಿಲ್ಲ. ಹೀಗೆ ಶಕ್ತಿಯ ಅಗತ್ಯವೇ ಕಡಿಮೆಯಾದ್ದರಿಂದ, ಅದರ ಆಹಾರದಲ್ಲಿ ಪ್ರೋಟೀನಿನ ಪ್ರಮಾಣ ಕೋಳಿ, ದನಗಳ ಆಹಾರದಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಇಷ್ಟನ್ನೂ ಹೊರುವ ಪದ ‘ಸಮತೋಲನ’ವಂತೂ ಅಲ್ಲ. ಮೊದಲು ‘ಹದ’ ಹೊಳೆಯಿತು. ಎರೆ ಹೊಲದ ಬಿತ್ತನೆಯ ಹದದಂತೆ ಇಲ್ಲಿಯೂ ಹೆಚ್ಚು ಕಡಿಮೆ ಎರಡೂ ತಪ್ಪು. ಆದರೆ ಹದ ಒಂದೇ ವಸ್ತುವಿನ ಗುಣ. ಒಂದನ್ನು ನೋಡಿಕೊಂಡು ಇನ್ನೊಂದನ್ನು ಎಷ್ಟಿಡಬೇಕು ಎಂಬ ಸಂಬಂಧವನ್ನು ಅದು ಹೇಳುವುದಿಲ್ಲ. ‘ಹೊಂದಾಣಿಕೆ’ ಎಂದರೆ ಮನೆಯ ಜಗಳ ರಾಜಿಯಾದಂತೆ ಕೇಳಿಸುತ್ತದೆ. ಸದ್ಯಕ್ಕೆ ಅಧ್ಯಾಯಕ್ಕೆ ‘ಶಕ್ತಿಗೆ ತಕ್ಕ ಪ್ರೋಟೀನು’ ಎಂಬ ಹೆಸರು ಕೊಟ್ಟಿದ್ದೇನೆ. ‘ತಕ್ಕ’ ಎಂಬ ಚಿಕ್ಕ ಪದ ಆ ಸಂಬಂಧವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ‘ಪ್ರೋಟೀನ್–ಶಕ್ತಿ ಅನುಪಾತ’ ಎಂದು ಕೋಷ್ಟಕದಲ್ಲಿ ಬರೆಯಬೇಕಾದ ಕಡೆ ಅದು ಒಗ್ಗುವುದಿಲ್ಲ. ಅಲ್ಲಿ ‘ಅನುಪಾತ’ವನ್ನೇ ಉಳಿಸಿಕೊಳ್ಳಬಹುದೇ?

ಇನ್ನೊಂದು ಪ್ರಶ್ನೆ. ಪಿಷ್ಟ, ಕೊಬ್ಬುಗಳು ಉರಿಯುವ ಕೆಲಸವನ್ನು ವಹಿಸಿಕೊಂಡು ಪ್ರೋಟೀನನ್ನು ಬೆಳವಣಿಗೆಗೆ ಬಿಟ್ಟುಕೊಡುವುದನ್ನು ‘ಪ್ರೋಟೀನ್ ಉಳಿತಾಯ’ ಎಂದರೆ, ಹಿಂಡಿ ಕಡಿಮೆ ಹಾಕಿ ದುಡ್ಡು ಉಳಿಸುವುದು ಎಂದು ಓದುಗರು ತಿಳಿದಾರು. ತಿಂದದ್ದು ಮೈಗೆ ಹತ್ತಿತು, ಹತ್ತಲಿಲ್ಲ ಎಂಬ ಮಾತು ಧಾರವಾಡ, ಹಾವೇರಿಗಳಲ್ಲಿ ಮಕ್ಕಳಿಗೂ ದನಕರುಗಳಿಗೂ ಸಲ್ಲುತ್ತದೆ. ‘ಪ್ರೋಟೀನು ಮೈಗೆ ಹತ್ತುವಂತೆ ಮಾಡುವುದು’ ಎಂದರೆ ಮೈಸೂರು, ಕರಾವಳಿಯ ಓದುಗರಿಗೂ ಇದೇ ಅರ್ಥ ಬರುತ್ತದೆಯೇ? ಅಲ್ಲಿ ಬೇರೆ ಮಾತು ರೂಢಿಯಲ್ಲಿದ್ದರೆ, ಬಳಕೆಯ ವಾಕ್ಯದೊಡನೆ ದಯವಿಟ್ಟು ತಿಳಿಸಿ.