ಪದಚರ್ಚೆ: ಗ್ರ್ಯಾಂಡ್ ಕ್ಯಾನ್ಯನ್‌ಗೆ ‘ಕಣಿವೆ’ ಸಾಲುತ್ತಿಲ್ಲ, ಬೇರೆ ಪದ ಬೇಕು (ನಾಳೆ ರಾತ್ರಿಯೊಳಗೆ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ನಾವು ಎಂಟು ಜನ ಜೂನ್‌ನಲ್ಲಿ, ಕೊಲರಾಡೊ ನದಿ ಕೊರೆದ ಭಾರಿ ಆಳದ ಗ್ರ್ಯಾಂಡ್ ಕ್ಯಾನ್ಯನ್‌ನ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದೇವೆ. ಉತ್ತರದಲ್ಲಿ ಇಳಿದು ದಕ್ಷಿಣದಲ್ಲಿ ಹತ್ತುವುದು. ಮೂರು ಹಗಲು, ಎರಡು ರಾತ್ರಿ, ಸುಮಾರು 38 ಕಿಲೋಮೀಟರ್. ಟೆಂಟು, ಬುತ್ತಿ, ನೀರು ಎಲ್ಲ ಬೆನ್ನ ಮೇಲೆ. ಸಕಲೇಶಪುರದಿಂದ ಬಂದಿರುವ ನಮ್ಮ ಮಾವನವರೂ ಹೊರಟಿದ್ದಾರೆ. ಕುಮಾರಪರ್ವತ ಹತ್ತಿದವರು, ಕಾಲು ಗಟ್ಟಿ. ಅವರು ಓದುವುದು ಕನ್ನಡ ಮಾತ್ರ. ಅವರಿಗಾಗಿ ಒಂದು ಪುಟದ ಎಚ್ಚರಿಕೆ ಬರೆಯುತ್ತಿದ್ದೇನೆ.

ಮೊದಲ ಸಾಲಲ್ಲೇ ಸಿಕ್ಕಿಕೊಂಡೆ. ‘ಕಣಿವೆ’ ಅಂತ ಬರೆದಿದ್ದೆ. ಓದಿದವರೇ, “ಕಣಿವೆ ತಾನೇ? ಕೆಳಗೆ ತಂಪಾಗಿರುತ್ತೆ ಬಿಡಮ್ಮ” ಅಂದರು. ನಿಜ ಅದಕ್ಕೆ ಪೂರ್ತಿ ಉಲ್ಟಾ. ಉತ್ತರದ ಅಂಚು ಸುಮಾರು 2,500 ಮೀಟರ್ ಎತ್ತರ, ಕೊಲರಾಡೊ ನದಿಯ ದಡ ಸುಮಾರು 750. ಮೇಲೆ ಬೆಳಿಗ್ಗೆ ಸ್ವೆಟರ್ ಬೇಕು, ಕೆಳಗೆ ಮಧ್ಯಾಹ್ನ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬೆಟ್ಟದಲ್ಲಾದರೆ ಸುಸ್ತಾದಾಗ ಇಳಿದುಬಿಡಬಹುದು. ಇಲ್ಲಿ ಸುಸ್ತಾದ ಮೇಲೇ ಹತ್ತಬೇಕು. ಈ ಭಯ ಪದದಲ್ಲೇ ಬರಬೇಕು. ಜೊತೆಗೆ, ಮೇಲಿನ ಅಂಚಿಗೂ ಹಾವಿನ ಹಾಗೆ ಸುತ್ತಿ ಹತ್ತುವ ದಾರಿಗೂ ಏನನ್ನಬೇಕು?

— ಫೀನಿಕ್ಸ್‌ನಿಂದ

*

ಕಂದರ. ಶಾಲೆಯ ಭೂಗೋಳದಲ್ಲೇ ಇದೆ. ಚರ್ಚೆಗೆ ಏನೂ ಇಲ್ಲ.

— ಮೈಸೂರು

*

ಕಂದರ ಅಂದರೆ ಸಂಸ್ಕೃತದಲ್ಲಿ ಗುಹೆಯೂ ಹೌದು. ಆ ಹಿರಿಯರಿಗೆ ಗುಹೆಗೆ ಹೋಗುತ್ತೀರಿ ಅಂತ ಹೇಳಬೇಕಾ?

‘ಕಣಿವೆ’ಯನ್ನು ಕೈಬಿಡಬೇಡಿ. ಅದರ ಹಳೆಯ ಅರ್ಥ ಬೆಟ್ಟಗಳ ನಡುವಿನ ಇರುಕು. ನಮ್ಮ ಹಿರಿಯೂರಿನ ಹತ್ತಿರದ ಮಾರಿಕಣಿವೆ ನೋಡಿ. ವೇದಾವತಿ ನದಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವ ಜಾಗ. ಅಷ್ಟು ಕಿರಿದು ಅಂತಲೇ ಅಲ್ಲಿ ಅಣೆಕಟ್ಟು ಕಟ್ಟಿದ್ದು. ಹಸಿರು, ತಂಪು ಅನ್ನುವುದೆಲ್ಲ ಕಾಶ್ಮೀರದ ಕ್ಯಾಲೆಂಡರ್ ನೋಡಿ ನೋಡಿ ನಾವು ಅಂಟಿಸಿಕೊಂಡದ್ದು. ಪದದ ತಪ್ಪಲ್ಲ.

— ಚಿತ್ರದುರ್ಗ

*

ನಮ್ಮ ಕಡೆ ಇದಕ್ಕೆ ‘ಕೊಳ್ಳ’ ಅಂತಾರೆ. ಏಳುಕೊಳ್ಳದ ಎಲ್ಲಮ್ಮ ಅಂತ ಕೇಳಿಲ್ವಾ? ಹಳ್ಳಕೊಳ್ಳ ಅಂತ ದಿನಾ ಆಡ್ತೀವಿ. ನೀರು ಕೊರೆದ ಆಳದ ಜಾಗ. ಅಚ್ಚಗನ್ನಡ ಇರುವಾಗ ಕಂದರ ಯಾಕೆ ಬೇಕು?

— ಧಾರವಾಡ

*

ಕೊಳ್ಳ ಆಗುವುದಿಲ್ಲ. ಕೃಷ್ಣಾ ಕೊಳ್ಳ, ಕಾವೇರಿ ಕೊಳ್ಳ ಅಂದರೆ ನದಿಗೆ ನೀರು ಬಂದು ಸೇರುವ ಇಡೀ ಸೀಮೆ. ಹೊಲ, ಊರು, ಪೇಟೆ ಎಲ್ಲ ಅದರಲ್ಲೇ ಇವೆ.

— ಮೈಸೂರು

*

ಅದು ನೀರಾವರಿ ಕಚೇರಿಯವರ ಬಳಕೆ. ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರನ್ನು ಕೇಳಿ.

— ಧಾರವಾಡ

*

ಸುಮ್ನೆ ‘ಕ್ಯಾನ್ಯನ್’ ಅಂತ ಬರೆಯಿರಿ. ಇಂಗ್ಲಿಷಿನವರಿಗೂ ಅದು ಸ್ವಂತದ್ದಲ್ಲ, ಸ್ಪ್ಯಾನಿಷ್‌ನಿಂದ ತೆಗೆದುಕೊಂಡರು. ಅಷ್ಟೇ ಯಾಕೆ, ಆ ಕ್ಯಾನ್ಯನ್‌ನ ತಳದಲ್ಲಿರುವ ಸುಮಾರು 170 ಕೋಟಿ ವರ್ಷ ಹಳೆಯ ಕಪ್ಪು ಬಂಡೆಯ ಹೆಸರು ‘ವಿಷ್ಣು ಶಿಸ್ಟ್’. ಅಲ್ಲೇ ಒಂದು ಶಿಖರಕ್ಕೆ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ 1880ರ ದಶಕದಲ್ಲಿ ‘ವಿಷ್ಣು ಟೆಂಪಲ್’ ಅಂತ ಹೆಸರಿಟ್ಟರು. ಅವರು ನಮ್ಮ ದೇವರ ಹೆಸರನ್ನೇ ತೆಗೆದುಕೊಂಡಿದ್ದಾರೆ. ನಾವು ಒಂದು ಪದ ತೆಗೆದುಕೊಂಡರೆ ಕನ್ನಡಕ್ಕೆ ಏನಾಗುತ್ತೆ?

— ಬೆಂಗಳೂರು

*

ಅವರು ಹೆಸರು ತೆಗೆದುಕೊಂಡರು. ಬಂಡೆಗೆ, ಶಿಖರಕ್ಕೆ ಇರುವ ತಮ್ಮ ಪದಗಳನ್ನು ಬಿಸಾಡಲಿಲ್ಲ. ಅನಾನಸು ನಮ್ಮಲ್ಲಿರಲಿಲ್ಲ, ಹಣ್ಣಿನ ಜೊತೆ ಹೆಸರೂ ಬಂತು, ಸರಿ. ನದಿ ಕೊರೆದ ಹಳ್ಳ ನಮ್ಮಲ್ಲಿ ಇಲ್ವಾ?

— ಧಾರವಾಡ

*

ಎಲ್ಲರಿಗೂ ಥ್ಯಾಂಕ್ಸ್. ನಾನು ಎಲ್ಲ ಪದಗಳನ್ನೂ ಒಂದೊಂದಾಗಿ ಮಾವನವರ ಮುಂದೆ ಇಟ್ಟೆ. ಕಂದರಕ್ಕೆ ಸುಮ್ಮನಿದ್ದರು. ಕೊಳ್ಳಕ್ಕೆ, “ಗದ್ದೆ ಪಕ್ಕದ್ದಾ?” ಅಂದರು. ಮನೆಯವರು, “ಕಮರಿ ಅನ್ನು” ಅಂದರು. ಮಾವನವರು ಕಾಫಿ ಲೋಟ ಕೆಳಗಿಟ್ಟರು. “ಕಮರಿಗೆ ಇಳಿಯೋದಾ? ಶಿರಾಡಿ ಘಾಟಿಯಲ್ಲಿ ಲಾರಿ ಬೀಳುತ್ತಲ್ಲ, ಹಾಗಿರೋದಾ?” ಆಮೇಲೆ ತಾವೇ ಕೇಳಿದರು, “ಬಿಸಿಲಿಗೆ ಕಮರೋದೂ ಅದೇ ಅಲ್ವಾ?”

ಬೇರು ಒಂದೇನಾ ನೋಡಿ ಹೇಳಿ. ಒಂದೇ ಆದರೂ ಅಲ್ಲದಿದ್ದರೂ ನನಗೆ ಈ ಪದವೇ ಬೇಕು. ಎರಡು ವರ್ಷದ ಹಿಂದೆ ನಾನೇ ಅಲ್ಲಿ ತಪ್ಪು ಮಾಡಿದ್ದೆ. ಬಿಸಿಲು ಅಂತ ಬರೀ ನೀರು ಕುಡಿಯುತ್ತಾ ಹೋದೆ, ಉಪ್ಪಿನದ್ದು ಏನೂ ತಿನ್ನಲಿಲ್ಲ. ತಲೆ ತಿರುಗಿ ವಾಂತಿಯಾಯಿತು. ತೊರೆಯಲ್ಲಿ ಅದ್ದಿ ತಲೆಗೆ ಸುತ್ತಿದ ಟವೆಲ್ಲು ಮುಂದಿನ ತಿರುವು ಬರುವಷ್ಟರಲ್ಲಿ ಒಣಗಿ ಗರಿಗರಿ ಆಗಿತ್ತು. ಜೊತೆಗಿದ್ದವರು ಮಾವಿನ ಉಪ್ಪಿನಕಾಯಿ, ಚಕ್ಕುಲಿ ತಿನ್ನಿಸಿ ಸಂಜೆವರೆಗೆ ನೆರಳಲ್ಲಿ ಕೂರಿಸಿದರು.

— ಫೀನಿಕ್ಸ್‌ನಿಂದ

*

ಸದ್ದು ಒಂದಾದರೆ ಬೇರು ಒಂದಾಗುವುದಿಲ್ಲ. ‘ಕಮರು’ ಅಂದರೆ ಸೀದು ಬಾಡುವುದು, ‘ಕಮರಿ’ ಅಂದರೆ ಕಡಿದಾದ ಹಳ್ಳ. ಬೆರೆಸಬೇಡಿ. ಆದರೆ ಬಳಸಿ. ಕಂದರಕ್ಕಿಂತ ವಾಸಿ ಅಂತ ಒಪ್ಪುತ್ತೇನೆ.

— ಮೈಸೂರು

*

ಇರುಕು ಅನ್ನುವ ಅರ್ಥ ಹೋಯಿತು. ನನ್ನ ಓಟು ಇನ್ನೂ ಕಣಿವೆಗೇ. ದಾರಿಗೆ ‘ತಿರುವು’ ಸಾಕು. ಆಗುಂಬೆ ನೋಡಿದವರಿಗೆಲ್ಲ ಗೊತ್ತಾಗುತ್ತೆ. ಅಂಚಿಗೆ ‘ಅಂಚು’ ಅಂತಲೇ ಬರೆಯಿರಿ, ‘ದಂಡೆ’ ಬೇಡ. ದಂಡೆ ಅಂದರೆ ನೀರು ಪಕ್ಕದಲ್ಲೇ ಇದೆ ಅಂದುಕೊಳ್ಳುತ್ತಾರೆ.

— ಚಿತ್ರದುರ್ಗ

*

ಹೌದು, ದಂಡೆಯ ಮಾತು ಸರಿ. ಮೇಲಿನಿಂದ ನದಿಗೆ ಗಂಟೆಗಟ್ಟಲೆ ದಾರಿ. ಕೊನೆಗೆ ಹೀಗೆ ಬರೆದು ಪ್ರಿಂಟಿಗೆ ಕೊಡುತ್ತಿದ್ದೇನೆ:

“ಇದು ಕಮರಿ. ಇಳಿದಷ್ಟೂ ಬಿಸಿಲು ಜಾಸ್ತಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನಡೆಯಬೇಡಿ, ನೆರಳಲ್ಲಿ ಕೂತಿರಿ. ನೀರಿನ ಜೊತೆ ಉಪ್ಪಿನದ್ದು ತಿನ್ನಿ. ಇಳಿದ ಪ್ರತಿ ತಿರುವಿಗೂ ಹತ್ತುವ ತಿರುವು ಇದೆ. ಅಂಚು ಮುಟ್ಟುವವರೆಗೆ ನಡಿಗೆ ಮುಗಿದಿಲ್ಲ.”

‘ಇದು ಕಮರಿ’ಯ ಕೆಳಗೆ ಮಾವನವರು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ.

— ಫೀನಿಕ್ಸ್‌ನಿಂದ